ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಬೆಳ್ಳಿ ಕಡಗ ಕೊಳ್ಳುವಾಗ ಬೆಳ್ಳಿಯ ಶುದ್ಧತೆಯ 925 ಮುದ್ರೆ ಮತ್ತು ಅಸಲಿ ಕಲ್ಲು, ಇಷ್ಟು ನೋಡಿಕೊಂಡರೆ ಸಾಕೇ?

ಸಾಲದು. ನ್ಯೂ ಮೆಕ್ಸಿಕೊ ಪ್ರವಾಸದಲ್ಲಿ ಇವೆರಡನ್ನೇ ನೋಡಿ ನಾನು ಅಕ್ಕನಿಗೆಂದು ಒಂದು ಕಡಗ ಕೊಂಡಿದ್ದೆ. ಬೆಳ್ಳಿಯಲ್ಲಿ ಮೋಸವಿರಲಿಲ್ಲ, ನೀಲಿ ಟರ್ಕಾಯ್ಸ್ ಕಲ್ಲೂ ಅಸಲಿಯೇ. ಆದರೆ ಅದನ್ನು ಮಾಡಿದ ಕೈ ಮಾತ್ರ ನವಾಹೋ ಕುಶಲಕರ್ಮಿಯದಾಗಿರಲಿಲ್ಲ.

ಅದು ತಿಳಿದದ್ದು ಸಾಂಟಾ ಫೆ ನಗರದಲ್ಲಿ. ಅಲ್ಲಿನ ಪ್ಯಾಲೇಸ್ ಆಫ್ ದ ಗವರ್ನರ್ಸ್ ಕಟ್ಟಡದ ಮೊಗಸಾಲೆಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ತಾವು ಮತ್ತು ತಮ್ಮ ಮನೆಯವರು ಮಾಡಿದ ಒಡವೆಗಳನ್ನು ಬಟ್ಟೆ ಹಾಸಿ ಮಾರುತ್ತಾರೆ. ಹಿರಿಯ ನವಾಹೋ ಮಹಿಳೆಯೊಬ್ಬರು ನನ್ನ ಕಡಗವನ್ನು ತಿರುಗಿಸಿ ನೋಡಿ, ಇದು ಎರಕದ ನಕಲು ಎಂದರು. ಉಕ್ಕಿನ ಉಳಿಯನ್ನು ಬೆಳ್ಳಿಯ ಮೇಲಿಟ್ಟು ಸುತ್ತಿಗೆಯಿಂದ ಹೊಡೆದಾಗ ಮೂಡುವ ಗುರುತಿನ ಅಂಚು ಚೂಪಾಗಿರುತ್ತದೆ, ಆಳವೂ ಅಂತರವೂ ಒಂದರಿಂದ ಒಂದಕ್ಕೆ ತುಸು ಬೇರೆಯಾಗಿರುತ್ತವೆ. ನನ್ನದರಲ್ಲಿ ಗೆರೆಗಳೆಲ್ಲ ಮೊಂಡಾಗಿದ್ದವು. ಎರಕ ಹೊಯ್ಯುವುದೇ ತಪ್ಪೆಂದಲ್ಲ. ಟುಫಾ ಎಂಬ ಮೆದು ಜ್ವಾಲಾಮುಖಿ ಶಿಲೆಯಲ್ಲಿ ಅಚ್ಚು ಕೆತ್ತಿ ಬೆಳ್ಳಿ ಹೊಯ್ಯುವುದು ನವಾಹೋಗಳ ಹಳೆಯ ವಿದ್ಯೆ. ಇಲ್ಲಿ ನಡೆದಿದ್ದು ಬೇರೊಬ್ಬರ ಕೈಕೆಲಸದಿಂದ ಅಚ್ಚು ತೆಗೆದು ನಕಲು ಹೊಯ್ದ ಕೆಲಸ.

ನನ್ನ ತಪ್ಪು ಇದ್ದದ್ದು ಬಿಲ್ಲಿನಲ್ಲಿ. ಅಂಗಡಿಯವನು ಬಾಯಲ್ಲಿ "ನವಾಹೋ" ಎಂದಿದ್ದ, ಬಿಲ್ಲಿನಲ್ಲಿ "ನವಾಹೋ ಶೈಲಿ" ಎಂದು ಬರೆದಿದ್ದ, ನಾನು ಅದನ್ನು ಓದದೆ ಜೇಬಿಗೆ ಹಾಕಿಕೊಂಡೆ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದು ಅಮೆರಿಕದ 1990ರ ಇಂಡಿಯನ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಕಾಯ್ದೆಯ ಪ್ರಕಾರ ಜೈಲುಶಿಕ್ಷೆಯಾಗಬಹುದಾದ ಅಪರಾಧ. ಆದರೆ "ಶೈಲಿ" ಎಂಬ ಒಂದೇ ಪದ ಆ ಅಂಗಡಿಯವನಿಗೆ ಗುರಾಣಿಯಾಯಿತು; ಹಣ ವಾಪಸು ಕೇಳಿದಾಗ ಆತ ಬೆರಳಿಟ್ಟು ತೋರಿಸಿದ್ದು ಅದನ್ನೇ. ಮಾಡಿದವರ ಹೆಸರು, ಅವರ ಬುಡಕಟ್ಟು, ಕೈಯಿಂದ ಮಾಡಿದ್ದು ಎಂಬ ಮಾತು, ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಂಡಿದ್ದರೆ ನನ್ನ ಕೈಯಲ್ಲಿ ಸಾಕ್ಷಿಯಿರುತ್ತಿತ್ತು. ಬಹುಶಃ ಆತ ಬರೆದುಕೊಡಲು ಒಪ್ಪುತ್ತಲೇ ಇರಲಿಲ್ಲ, ಆಗ ನಾನೂ ಕೊಳ್ಳುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 925 ಎಂಬುದು ಲೋಹದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಮಾಡಿದವರನ್ನಲ್ಲ. ಅಟ್ಸಿಡಿ ಸಾನಿ ಎಂಬ ನವಾಹೋ ಹತ್ತೊಂಬತ್ತನೆಯ ಶತಮಾನದಲ್ಲಿ ಮೆಕ್ಸಿಕನ್ ಕಮ್ಮಾರನೊಬ್ಬನಿಂದ ಲೋಹದ ಕೆಲಸ ಕಲಿತು ತನ್ನವರಿಗೆ ಕಲಿಸಿದ. ಬೆಳ್ಳಿ ನಾಣ್ಯಗಳನ್ನು ಕರಗಿಸಿ, ಬಡಿದು ಒಡವೆ ಮಾಡುತ್ತಿದ್ದ ಆ ಜನರ ವಿದ್ಯೆಯನ್ನು ಇಂದಿಗೂ ಅವರ ಕುಟುಂಬಗಳು ನಡೆಸಿಕೊಂಡು ಬಂದಿವೆ. ನೀವು ಬೆಲೆ ತೆರಬೇಕಾದದ್ದು ಆ ಕೈಗಳಿಗೆ.

ಕಲ್ಲಿನ ಬಗ್ಗೆ ನೀವು ಇಷ್ಟು ಚಿಂತಿಸಬೇಕಾಗಿಲ್ಲ. ಟರ್ಕಾಯ್ಸ್ ಮೆದುವಾದ, ಸೂಕ್ಷ್ಮ ರಂಧ್ರಗಳ ಕಲ್ಲಾದ್ದರಿಂದ ರಾಳ ತುಂಬಿ ಗಟ್ಟಿ ಮಾಡಿದ ಕಲ್ಲನ್ನು ಒಳ್ಳೆಯ ಕುಶಲಕರ್ಮಿಗಳೂ ಬಳಸುತ್ತಾರೆ. ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ. ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲನ್ನು ಟರ್ಕಾಯ್ಸ್ ಎಂದು ಮಾರುವವರ ಬಳಿ ಮಾತ್ರ ಏನನ್ನೂ ಕೊಳ್ಳಬೇಡಿ.