ಬಾಯಿಗಿಡದ ಹಣ್ಣಿನ ತೋಟಕ್ಕಾಗಿ

(ಧಾರವಾಡದ ಕಾನೂನು ವಿದ್ಯಾರ್ಥಿನಿಯೊಬ್ಬರ ಪತ್ರ: "ಕಳೆದ ಸಂಚಿಕೆಯ ಕರಾವಳಿ ಲೇಖನದಲ್ಲಿ ಇಮಾಂ ನವವಿ ಎಂಬ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಯಿತು. ಯಾರವರು? ಹಳೇ ಕಾಲದ ಶಾಸ್ತ್ರ ಪಂಡಿತರೆಂದರೆ ದೊರೆಯ ಅನ್ನ ತಿಂದು, ದೊರೆ ತೋರಿಸಿದ ಕಡೆ ಸಹಿ ಹಾಕುತ್ತಿದ್ದವರು ಎಂದೇ ತಿಳಿದಿದ್ದೇನೆ. ಅಂಥವರನ್ನು ಇವತ್ತು ಯಾಕೆ ಓದಬೇಕು?")

ಒಂದೇ ಸಾಲಿನಲ್ಲಿ ಮುಗಿಸಿದ್ದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಅನ್ನದ ಮಾತನ್ನು ನೀವೇ ಎತ್ತಿದ್ದೀರಿ. ಹಾಗಾಗಿ ಊಟದಿಂದಲೇ ಶುರು ಮಾಡುತ್ತೇನೆ.

13ನೇ ಶತಮಾನದ ಇಸ್ಲಾಮೀ ಕಾನೂನು ಪಂಡಿತ ನವವಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಡಮಾಸ್ಕಸ್‌ನಲ್ಲಿದ್ದರು. ಆ ಊರ ಸುತ್ತ ಘೂತಾ ಎಂಬ ಹೆಸರುವಾಸಿ ತೋಟಗಳು. ಹಣ್ಣಿಗೆ ಬರವೇ ಇಲ್ಲ. ಆದರೆ ಅವರು ಅಲ್ಲಿನ ಹಣ್ಣನ್ನು ಬಾಯಿಗಿಡಲಿಲ್ಲ. ಯಾಕೆಂದು ಶಿಷ್ಯ ಇಬ್ನ್ ಅತ್ತಾರ್ ಕೇಳಿದಾಗ ಅವರು ಕೊಟ್ಟ ಕಾರಣ ಕೇಳಿ, ನಿಮ್ಮ ಓದಿಗೆ ಹತ್ತಿರದ್ದು. ಈ ತೋಟಗಳಲ್ಲಿ ವಕ್ಫ್, ಅಂದರೆ ಧರ್ಮಕಾರ್ಯಕ್ಕೆ ಬಿಟ್ಟ, ಆಸ್ತಿ ಬಹಳ. ಸ್ವಂತ ವ್ಯವಹಾರ ನೋಡಿಕೊಳ್ಳಲಾಗದೆ ಬೇರೆಯವರ ಸುಪರ್ದಿಯಲ್ಲಿ ಇರುವವರ ಆಸ್ತಿಯೂ ಇದೆ. ಅದನ್ನು ಅವರಿಗೆ ಲಾಭವಾಗುವ ಹಾಗೆ ಮಾತ್ರ ನಡೆಸಬೇಕು. ತೋಟವನ್ನು ಪಾಲಿಗೆ ಕೊಡುವ ಪದ್ಧತಿ ಸರಿಯೋ ತಪ್ಪೋ ಎಂಬುದರಲ್ಲೂ ಪಂಡಿತರಿಗೆ ಒಮ್ಮತವಿಲ್ಲ. ಹೀಗಿರುವಾಗ ನನ್ನ ಮನಸ್ಸು ಒಪ್ಪುವುದು ಹೇಗೆ ಎಂದರು. ಊರಿನಿಂದ ಅಪ್ಪ ಅಮ್ಮ ಕಳಿಸಿದ್ದೇ ಊಟ. ಅದೂ ದಿನಕ್ಕೆ ಒಂದೇ ಹೊತ್ತು, ರಾತ್ರಿಯ ನಮಾಜು ಮುಗಿದ ಮೇಲೆ.

ಇದು ಜಾಸ್ತಿಯಾಯಿತು ಅನ್ನಿಸುತ್ತದೆ, ಅಲ್ವಾ? ಮೊದಲ ಸಲ ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಸ್ವಲ್ಪ ತಡೆಯಿರಿ, ಇವೇ ತೋಟಗಳು ಮತ್ತೆ ಬರುತ್ತವೆ.

ಅವರು ಹುಟ್ಟಿದ್ದು 1233ರಲ್ಲಿ, ದಕ್ಷಿಣ ಸಿರಿಯಾದ ನವಾ ಎಂಬ ಊರಿನಲ್ಲಿ. ಹೆಸರಿಗೆ ಅಂಟಿಕೊಂಡದ್ದು ಆ ಊರೇ. ಅಪ್ಪ ಅಂಗಡಿಯಲ್ಲಿ ಕೂರಿಸಿದರೆ ಹುಡುಗನಿಗೆ ವ್ಯಾಪಾರದ ಕಡೆ ಗಮನವಿಲ್ಲ, ಕುರ್‌ಆನ್ ಓದುತ್ತಲೇ ಇರುತ್ತಿದ್ದ. 1251ರಲ್ಲಿ ಅಪ್ಪನೇ ಡಮಾಸ್ಕಸ್‌ಗೆ ಕರೆತಂದರು. ಅಲ್ಲಿ ದಿನಕ್ಕೆ ಹನ್ನೆರಡು ಪಾಠ. ನಡುವೆ ವೈದ್ಯ ಕಲಿಯೋಣವೆಂದು ಇಬ್ನ್ ಸೀನಾರ ದೊಡ್ಡ ವೈದ್ಯಗ್ರಂಥ ಕೊಂಡರು. ಮನಸ್ಸಿಗೆ ಕತ್ತಲೆ ಕವಿದ ಹಾಗಾಯಿತು, ಮಾರಿಬಿಟ್ಟರು. ಮದುವೆಯಾಗಲಿಲ್ಲ. ಬದುಕಿದ್ದು 44 ವರ್ಷ ಮಾತ್ರ.

ಅಷ್ಟರಲ್ಲೇ ಬರೆದದ್ದು ನೋಡಿ. ಹದೀಸುಗಳ, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಗಳ, ಸಂಗ್ರಹ 'ರಿಯಾದುಸ್ಸಾಲಿಹೀನ್' ಇವತ್ತಿಗೂ ಲಕ್ಷಾಂತರ ಮನೆಗಳಲ್ಲಿದೆ. ನಲವತ್ತು ಹದೀಸುಗಳ ಪುಟ್ಟ ಪುಸ್ತಕವೂ ಹಾಗೆಯೇ. ಹೆಸರು ನಲವತ್ತು, ಎಣಿಸಿದರೆ 42. ಆದರೆ ಕಾನೂನು ಓದುವ ನಿಮಗೆ ನಾನು ತೋರಿಸಬೇಕೆಂದಿರುವುದು 'ಮಿನ್ಹಾಜ್'. ಸುನ್ನಿಗಳ ನಾಲ್ಕು ಕಾನೂನು ಪಂಥಗಳಲ್ಲೊಂದಾದ ಶಾಫಿ ಪಂಥದ ಕೈಪಿಡಿ, 1270ರ ಆಸುಪಾಸಿನಲ್ಲಿ ಮುಗಿಸಿದ್ದು. ಅದರ ಮುನ್ನುಡಿಯಲ್ಲಿ ಅವರು ಕೆಲವು ಪದಗಳ ಲೆಕ್ಕ ಕೊಡುತ್ತಾರೆ. ಪಂಥದ ಮೂಲಪುರುಷ ಇಮಾಂ ಶಾಫಿಯವರದ್ದೇ ಎರಡು ಮಾತುಗಳಿದ್ದು, ಬಿಟ್ಟ ಮಾತೂ ಬಲವಾಗಿದ್ದರೆ, ಆರಿಸಿದ್ದನ್ನು 'ಅಝ್‌ಹರ್' ಎನ್ನುತ್ತೇನೆ. ಬಿಟ್ಟದ್ದು ದುರ್ಬಲವಾಗಿದ್ದರೆ 'ಮಶ್‌ಹೂರ್'. ಭಿನ್ನಾಭಿಪ್ರಾಯ ಶಾಫಿಯವರ ಅನುಯಾಯಿಗಳದ್ದಾದರೆ ಇದೇ ಕ್ರಮದಲ್ಲಿ 'ಅಸಹ್' ಮತ್ತು 'ಸಹೀಹ್'.

ಅಂದರೆ ಏನು? ತೀರ್ಪು ಹೇಳುವ ಪದದೊಳಗೇ ಸೋತವರ ವಾದಕ್ಕೆ ಎಷ್ಟು ತೂಕವಿತ್ತು ಎಂಬುದೂ ಕೂತಿದೆ. ಓದುವವನಿಗೆ ಒಂದೇ ಪದದಲ್ಲಿ ಗೊತ್ತಾಗುತ್ತದೆ: ಇಲ್ಲಿ ಜಗಳ ಜೋರಾಗಿತ್ತು, ಇನ್ನೊಂದು ಕಡೆಯವರು ಸುಮ್ನೆ ಮಾತಾಡಿದವರಲ್ಲ. ಇಷ್ಟು ಪ್ರಾಮಾಣಿಕವಾದ ಕೈಪಿಡಿ ನನಗೆ ಬೇರೆ ಸಿಕ್ಕಿಲ್ಲ.

ನಮ್ಮ ಲೇಖನದಲ್ಲಿ ಹೆಸರು ಬಂದದ್ದು ಈ ಪುಸ್ತಕದಿಂದಾಗಿಯೇ. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಹೆಚ್ಚಾಗಿ ಶಾಫಿ ಪಂಥದವರು. 1340ರ ದಶಕದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರದ ಮುಸ್ಲಿಮರೂ ಮಂಗಳೂರಿನ ಖಾಜಿಯೂ ಶಾಫಿಗಳೆಂದೇ ಬರೆದಿದ್ದಾನೆ. ಕರಾವಳಿಯ ದರ್ಸ್‌ಗಳಲ್ಲಿ (ಮಸೀದಿ ಪಾಠಶಾಲೆಗಳಲ್ಲಿ) ಇಂದಿಗೂ ಓದಿಸುವ ಶಾಫಿ ಕಾನೂನಿನ ಗ್ರಂಥ 'ಫತ್‌ಹುಲ್ ಮುಈನ್' ಬರೆದವರು 16ನೇ ಶತಮಾನದಲ್ಲಿದ್ದ, ಕೇರಳದ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್. ಅವರು ನೆಚ್ಚಿಕೊಂಡದ್ದು ಇಬ್ನ್ ಹಜರ್ ಹೈತಮಿಯವರನ್ನು. ಆ ಹೈತಮಿ ಮಿನ್ಹಾಜಿಗೆ ದೊಡ್ಡ ಟೀಕು ಬರೆದವರು.

ಈಗ ದೊರೆಯ ಮಾತು. ಆಗ ಈಜಿಪ್ಟ್, ಸಿರಿಯಾಗಳನ್ನು ಆಳುತ್ತಿದ್ದ ಸುಲ್ತಾನ ಬೈಬರ್ಸ್. ಮಂಗೋಲರನ್ನೂ ಯುರೋಪಿನ ಕ್ರೈಸ್ತ ದಂಡುಗಳಾದ ಕ್ರುಸೇಡರ್‌ಗಳನ್ನೂ ಹಿಮ್ಮೆಟ್ಟಿಸಿದವನು. ಘೂತಾದ ತೋಟಗಳ ಮೇಲೆ ಅವನ ಕಣ್ಣು ಬಿತ್ತು. ನಿಮ್ಮದೆನ್ನುವುದಕ್ಕೆ ದಾಖಲೆ ತನ್ನಿ, ಇಲ್ಲದಿದ್ದರೆ ತೋಟ ಸರ್ಕಾರದ್ದು ಎಂಬ ಪೀಡೆ ಶುರುವಾಯಿತು. ಆಗ ನವವಿ ಪತ್ರ ಬರೆದರು. ಯಾರ ಕೈಯಲ್ಲಿ ಆಸ್ತಿ ಇದೆಯೋ ಅದು ಅವರದೇ, ಸಾಬೀತು ಮಾಡು ಎಂದು ಅವರನ್ನು ಪೀಡಿಸುವ ಹಕ್ಕು ಯಾರಿಗೂ ಇಲ್ಲ ಎಂಬುದು ಅವರ ವಾದ. ರುಜುವಾತಿನ ಹೊರೆ ಯಾರ ಮೇಲೆ ಎಂಬ ಪಾಠ ನಿಮಗೂ ಇರುತ್ತದಲ್ಲ, ಅದೇ. ಒಂದು ಹಣ್ಣನ್ನೂ ತಿನ್ನದ ಮನುಷ್ಯ ಆ ತೋಟಗಳ ಒಡೆಯರಿಗಾಗಿ ಸುಲ್ತಾನನ ಎದುರು ನಿಂತರು. ಹಣ್ಣು ಬಿಟ್ಟದ್ದೂ ಪತ್ರ ಬರೆದದ್ದೂ ಒಂದೇ ಕಾರಣಕ್ಕೆ ಎಂದು ನನಗೆ ಹೊಳೆದದ್ದು ಆಗಲೇ. ಇದು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಅವರು ತಮ್ಮ ತಟ್ಟೆಗೂ ಕೇಳಿದರು, ಸಿಂಹಾಸನಕ್ಕೂ ಕೇಳಿದರು.

ಇನ್ನೊಂದು ಪ್ರಸಂಗವನ್ನು ನಂತರದ ಕಾಲದ ಲೇಖಕ ಸುಯೂತಿ ಹೇಳುತ್ತಾರೆ. ಯುದ್ಧಕ್ಕೆಂದು ಜನರಿಂದ ಹಣ ಎತ್ತಲು ಸುಲ್ತಾನನಿಗೆ ಪಂಡಿತರ ಫತ್ವಾ ಬೇಕಿತ್ತು. ಉಳಿದವರು ಸಹಿ ಹಾಕಿದರು. ನವವಿ ಹಾಕಲಿಲ್ಲ. ನಿನ್ನ ಸಾವಿರ ಗುಲಾಮ ಸೈನಿಕರ ನಡುಪಟ್ಟಿ ಚಿನ್ನದ್ದು, ಇನ್ನೂರು ದಾಸಿಯರ ಹತ್ತಿರ ಒಡವೆ ಪೆಟ್ಟಿಗೆ ಇದೆ. ಮೊದಲು ಅದು ಖರ್ಚಾಗಲಿ, ಸೈನಿಕರು ಉಣ್ಣೆಯ ಪಟ್ಟಿ ಕಟ್ಟಲಿ, ಆಮೇಲೆ ನೋಡೋಣ ಎಂದರಂತೆ. ನನ್ನ ಊರು ಬಿಟ್ಟು ಹೋಗು ಎಂದ ಸುಲ್ತಾನ. ಅವರು ನವಾಕ್ಕೆ ನಡೆದರು. ನಿಮ್ಮ ಮಾತು ಸಹಿ ಹಾಕಿದ ಆ ಉಳಿದವರ ಮಟ್ಟಿಗೆ ನಿಜ ಅನ್ನಿ.

ಬೈಬರ್ಸ್ ಸತ್ತದ್ದು 1277ರ ಜುಲೈನಲ್ಲಿ. ನವವಿ ತೀರಿಕೊಂಡದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. 1267ರಿಂದ ಅವರು ಅಶ್ರಫಿಯ್ಯಾ ಎಂಬ ಹದೀಸು ವಿದ್ಯಾಲಯದ ಮುಖ್ಯಸ್ಥರಾಗಿದ್ದರು, ಆದರೆ ಅದರ ಸಂಬಳವನ್ನು ಸ್ವಂತಕ್ಕೆ ಬಳಸಲಿಲ್ಲ. ಕೊನೆಯ ಸಲ ಡಮಾಸ್ಕಸ್ ಬಿಡುವಾಗ ಗುರುಗಳ ಗೋರಿಗಳ ಹತ್ತಿರ ಹೋಗಿ ಪ್ರಾರ್ಥಿಸಿದರು. ವಕ್ಫ್‌ಗಳಿಂದ ಓದಲು ತಂದಿದ್ದ ಪುಸ್ತಕಗಳನ್ನೆಲ್ಲ ಹಿಂದಿರುಗಿಸಿದರು. ಆಮೇಲೆ ಊರಿಗೆ ಹೊರಟರು.