ಬ್ಯಾಂಕ್ ಕೆಲಸ ಬಿಟ್ಟು ಮೇಳ ಸೇರಬಹುದಾ?

"ಬ್ಯಾಂಕ್ ಕೆಲಸ ಬಿಟ್ಟು ಯಕ್ಷಗಾನ ಮೇಳ ಸೇರಬೇಕು ಅನಿಸ್ತಿದೆ, ಕಲಾವಿದರಿಗೆ ಖುಷಿ ಯಾವುದು, ಕಷ್ಟ ಯಾವುದು" ಅಂತ ಕೇಳಿದ್ದೀರಿ. ನಾನು ಉಡುಪಿ ಕಡೆಯವನು, ಕೆಲವು ವರ್ಷ ವೇಷ ಮಾಡಿದವನು.

ಖುಷಿ ಅಂದರೆ ಮಾತು. ಬರೆದುಕೊಟ್ಟ ಸಂಭಾಷಣೆ ಸಾಮಾನ್ಯವಾಗಿ ಇರುವುದಿಲ್ಲ. ಹಾಡುವ ಭಾಗವತರು ಪದ ಹೇಳುತ್ತಾರೆ, ಅರ್ಥ, ಅಂದರೆ ಅದಕ್ಕೆ ಮಾತು, ನಾವೇ ಅಲ್ಲೇ ಹೆಣೆಯಬೇಕು. ಎದುರು ವೇಷದವರು ಅನಿರೀಕ್ಷಿತ ಪ್ರಶ್ನೆ ಎಸೆದಾಗ ಥಟ್ಟಂತ ಉತ್ತರ ಹೊಳೆದರೆ ಖುಷಿಗೆ ನಿದ್ದೆ ಬರುವುದಿಲ್ಲ. ಹೊಳೆಯದಿದ್ದರೂ ಬರುವುದಿಲ್ಲ, ಅದು ಬೇರೆ ವಿಷಯ!

ಕಷ್ಟ ದೇಹದ್ದು. ನವೆಂಬರ್ ಹೊತ್ತಿಗೆ ಹೊರಟ ಮೇಳಕ್ಕೆ ಪತ್ತನಾಜೆವರೆಗೆ, ಅಂದರೆ ತುಳು ಬೇಶ ತಿಂಗಳ 10ನೇ ದಿನದವರೆಗೆ (ಮೇ ಕೊನೆಯ ಹೊತ್ತು), ಹೆಚ್ಚುಕಡಿಮೆ ದಿನಾ ಆಟ, ಅಂದರೆ ಪ್ರದರ್ಶನ. ರಾಕ್ಷಸರಂಥ ಬಣ್ಣದ ವೇಷವಾದರೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಗಂಟೆಗಟ್ಟಲೆ ಮುಖ ಬರೆಯುತ್ತಾ ಕೂರಬೇಕು. ಅಭಿಮನ್ಯುವಿನಂಥ ಯುವ ವೀರರ ಪುಂಡುವೇಷವಾದರೆ ಧಿಗಿಣ, ಅಂದರೆ ಹಾರಿ ಸುತ್ತುವ ಕುಣಿತ. ಮೊಣಕಾಲು ಕೇಳಬೇಕಲ್ವಾ? ನನ್ನದು ಕೇಳಲಿಲ್ಲ. ಈಗ ರಾತ್ರಿಯಿಡೀ ನಡೆಯದೆ ಬೇಗ ಮುಗಿಯುವ ಕಾಲಮಿತಿ ಆಟ ಜಾಸ್ತಿಯಾಗಿ ಸ್ವಲ್ಪ ಆರಾಮ. ಮಳೆಗಾಲದ ಸಂಪಾದನೆಗೆ ಮಾತ್ರ ಬೇರೆ ದಾರಿ ಹುಡುಕಬೇಕು.

ಸದ್ಯ ರಾಜೀನಾಮೆ ಬೇಡ ಮಾರಾಯ್ರೆ. ಹವ್ಯಾಸಿ ತಂಡದಲ್ಲಿ ಹೆಜ್ಜೆ ಕಲಿಯಿರಿ. ಒಂದು ರಾತ್ರಿ, ಕೇಳಿಕೊಂಡು, ಚೌಕಿಯಲ್ಲಿ ಸುಮ್ನೆ ಕುಳಿತು ನೋಡಿ.