ಧೂಪ ಎಂದರೆ ಯಾವ ಧೂಪ?

ಪ್ರಿಯ ಲೇಖಕರೇ,

ವಂದನೆಗಳು. ಪುರಾತನ ಕಾಲದ ಪೂಜೆ ಮತ್ತು ವ್ಯಾಪಾರದಲ್ಲಿ ಧೂಪದ ಪಾತ್ರ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ದಕ್ಷಿಣ ಅರೇಬಿಯಾದಿಂದ ಗಾಜಾವರೆಗಿನ ಒಂಟೆದಾರಿಯನ್ನು ನೀವು ವಿವರಿಸಿರುವ ನಡುಭಾಗ ಗಟ್ಟಿಯಾಗಿದೆ, ಅದನ್ನು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ. ಆದ್ದರಿಂದ ಎಲ್ಲೆಲ್ಲಿ ಎಡವಿದ್ದೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ಮೊದಲ ದೋಷ ಹೆಸರಿನದು. ಉಳಿದ ತಪ್ಪುಗಳಲ್ಲಿ ಅರ್ಧ ಇದರಿಂದಲೇ ಹುಟ್ಟಿವೆ. ಒಂದು ಪುಟದಲ್ಲಿ ‘ಧೂಪ’, ಇನ್ನೊಂದರಲ್ಲಿ ‘ಸಾಂಬ್ರಾಣಿ’, ಮತ್ತೊಂದರಲ್ಲಿ ‘ಲೋಬಾನ’, ‘ಗುಗ್ಗುಳ’; ಎಲ್ಲವೂ ಒಂದೇ ವಸ್ತು ಎಂಬಂತೆ ಬರೆದಿದ್ದೀರಿ. ‘ರೋಮಿನ ದೇವಾಲಯಗಳು ಸಾಂಬ್ರಾಣಿಯ ಹೊಗೆಯಿಂದ ತುಂಬಿರುತ್ತಿದ್ದವು’ ಎಂಬ ವಾಕ್ಯ ನಿಲ್ಲುವುದಿಲ್ಲ. ನಮ್ಮ ಗ್ರಂಧಿಗೆ ಅಂಗಡಿಯ ಸಾಂಬ್ರಾಣಿ ಮೂಲತಃ ಸುಮಾತ್ರಾ ಕಡೆಯ ಸ್ಟೈರಾಕ್ಸ್ ಮರದ ಅಂಟು. ರೋಮಿನವರು ಸುಟ್ಟದ್ದು ಬೋಸ್ವೆಲಿಯಾ ಮರದ ಅಂಟು, ಅಂದರೆ ಫ್ರಾಂಕಿನ್ಸೆನ್ಸ್. ಗೊಂದಲಕ್ಕೆ ಕಾರಣವೂ ಇದೆ. ಅರಬ್ಬಿಯ ‘ಲುಬಾನ್’ ಬಿಳುಪು, ಹಾಲು ಎಂಬರ್ಥದ ಧಾತುವಿನಿಂದ ಬಂದದ್ದು. ಹೀಬ್ರೂವಿನ ‘ಲೆವೊನಾ’, ಗ್ರೀಕಿನ ‘ಲಿಬಾನೋಸ್’ ಅದರ ನೆಂಟರು. ಆ ಹೆಸರು ಬೋಸ್ವೆಲಿಯಾದ್ದು. ಸುಮಾತ್ರಾದ ಅಂಟು ಬಂದಾಗ ಅರಬ್ಬರು ಅದನ್ನು ‘ಲುಬಾನ್ ಜಾವಿ’, ಜಾವಾ ಕಡೆಯ ಲುಬಾನ್ ಎಂದರು. 14ನೆಯ ಶತಮಾನದ ಇಬ್ನ್ ಬತೂತನಲ್ಲಿ ಆ ಹೆಸರು ಸಿಗುತ್ತದೆ. ನಮ್ಮಲ್ಲಿ ‘ಜಾವಿ’ ಉದುರಿಹೋಗಿ ‘ಲೋಬಾನ’ ಉಳಿಯಿತು. ಈ ಮೂರು ಸಾಲು ನಿಮ್ಮ ಲೇಖನದಲ್ಲಿ ಇರಲೇಬೇಕು. ಇಲ್ಲದಿದ್ದರೆ ಕನ್ನಡದ ಓದುಗರು ತಮ್ಮ ದೇವರಕೋಣೆಯ ಸಾಂಬ್ರಾಣಿಯನ್ನೇ ಒಂಟೆಯ ಮೇಲೆ ಹೇರಿಕೊಂಡು ಓದುತ್ತಾರೆ.

ಹಾಗೆಯೇ ಬೈಬಲ್ ಓದುಗರಿಗೆ ಗೊತ್ತಿರುವ ರಕ್ತಬೋಳ ಕೊಮ್ಮಿಫೋರಾ ಕುಲದ ಮರದ್ದು. ನಮ್ಮ ಗುಗ್ಗುಳವೂ ಅದೇ ಕುಲದ್ದು, ಬೇರೆ ಜಾತಿ. ಇಲ್ಲಿ ನಿಮಗೆ ಒಳ್ಳೆಯ ಸಾಮಗ್ರಿ ಕಾದಿದೆ. ಕ್ರಿ.ಶ. 1ನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕ ಕೈಪಿಡಿ, ಸಿಂಧೂ ನದಿಯ ಮುಖದಲ್ಲಿದ್ದ ಬಾರ್ಬರಿಕಾನ್ ಬಂದರಿಗೆ ಫ್ರಾಂಕಿನ್ಸೆನ್ಸ್ ಬಂದು ಇಳಿಯುತ್ತಿತ್ತು, ಅಲ್ಲಿಂದ ಗುಗ್ಗುಳ, ಕೋಷ್ಠ, ಜಟಾಮಾಂಸಿ ಹೊರಗೆ ಹೋಗುತ್ತಿದ್ದವು ಎನ್ನುತ್ತದೆ. ಒಂದು ಧೂಪ ಇಳಿದು ಇನ್ನೊಂದು ಧೂಪ ಹತ್ತುವ ಬಂದರು ಅದು. ‘ಭಾರತವೂ ಈ ವ್ಯಾಪಾರದಲ್ಲಿ ಪ್ರಮುಖ ಪಾತ್ರ ವಹಿಸಿತ್ತು’ ಎಂಬ ನಿಮ್ಮ ಸಪ್ಪೆ ವಾಕ್ಯದ ಜಾಗದಲ್ಲಿ ಇದನ್ನು ಇಡಿ.

ಮರದ ವಿಷಯಕ್ಕೆ ಬರೋಣ. ‘ಮರುಭೂಮಿಯ ಮರಳಿನಲ್ಲಿ ಬೆಳೆಯುವ ಮರದಿಂದ ಅಂಟು ಕೀಳುತ್ತಾರೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮರ ಬೆಳೆಯುವುದು ಮರಳಿನಲ್ಲಲ್ಲ, ಸುಣ್ಣಕಲ್ಲಿನ ಗುಡ್ಡಗಳಲ್ಲಿ, ಒಣಹಳ್ಳಗಳ ದಂಡೆಯಲ್ಲಿ. ಕೀಳುವುದೂ ಇಲ್ಲ, ಕೆತ್ತುತ್ತಾರೆ. ಒಮಾನಿನ ಧೋಫಾರ್‌ನಲ್ಲಿ ‘ಮಿಂಗಾಫ್’ ಎಂಬ ಸಣ್ಣ ಉಳಿಯಂಥ ಸಲಕರಣೆಯಿಂದ ತೊಗಟೆಯ ಮೇಲ್ಪದರವನ್ನಷ್ಟೇ ಚಿಕ್ಕ ಬಿಲ್ಲೆಯಾಗಿ ಕೆರೆಯುತ್ತಾರೆ. ಗಾಯದಿಂದ ಹಾಲು ಜಿನುಗಿ ಹನಿಗಟ್ಟುತ್ತದೆ. ಮೊದಲ ಕೆತ್ತನೆಯ ಅಂಟಿಗೆ ಬೆಲೆಯಿಲ್ಲ. ಸುಮಾರು ಎರಡು ವಾರ ಬಿಟ್ಟು ಅದೇ ಗಾಯವನ್ನು ಮತ್ತೆ ಕೆರೆದಾಗ ಮಾರುವಂಥದ್ದು ಬರುತ್ತದೆ. ಒಳ್ಳೆಯ ಮಾಲು ಆಮೇಲಿನ ಸುತ್ತಿನದು. ಆಳವಾಗಿ ಕಡಿದರೆ, ಒಂದೇ ಮರಕ್ಕೆ ಹೆಚ್ಚು ಗಾಯ ಮಾಡಿದರೆ, ಮರ ಸೊರಗುತ್ತದೆ. ಜೂನ್‌ನಲ್ಲಿ ಮುಂಗಾರಿನ ಮಂಜುಮಳೆ ಧೋಫಾರ್‌ನ ಕಡಲದಂಡೆಯನ್ನು ಮುಟ್ಟಿದರೆ ಅಲ್ಲಿ ಕೆಲಸ ನಿಲ್ಲುತ್ತದೆ. ಆಗುಂಬೆಯನ್ನು ತೋಯಿಸುವುದೂ ಅದೇ ನೈರುತ್ಯ ಮಾರುತ. ಈಜಿಪ್ಟಿನಿಂದ ಜುಲೈನಲ್ಲಿ ಹೊರಟ ಹಡಗುಗಳನ್ನು ನಮ್ಮ ಪಶ್ಚಿಮ ಕರಾವಳಿಗೆ ತಳ್ಳುತ್ತಿದ್ದುದೂ ಅದೇ. ಈ ಒಂದು ಗಾಳಿಯನ್ನು ಹಿಡಿದರೆ ಮರ, ಕಡಲು, ಬಂದರು ಮೂರೂ ಒಂದೇ ಪ್ಯಾರಾದಲ್ಲಿ ಕೂಡುತ್ತವೆ.

ಎರಡನೆಯ ದೊಡ್ಡ ದೋಷ ಕಟ್ಟಡದ್ದು. ಮೊದಲರ್ಧ ಪೂಜೆ, ಎರಡನೆಯ ಅರ್ಧ ವ್ಯಾಪಾರ ಎಂದು ಗೋಡೆ ಹಾಕಿದ್ದೀರಿ. ಆ ಕಾಲದಲ್ಲಿ ಅಂಥ ಗೋಡೆ ಇರಲಿಲ್ಲ. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಹಿರಿಯ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 12ನೆಯ ಪುಸ್ತಕದಲ್ಲಿ ಕೊಡುವ ವಿವರ ನೋಡಿ. ಮರ ಕೆತ್ತುವ ಹಕ್ಕು ವಂಶಪಾರಂಪರ್ಯವಾಗಿ 3,000 ಕುಟುಂಬಗಳದ್ದು. ಕೆತ್ತುವ ದಿನಗಳಲ್ಲಿ ಅವರು ಹೆಣ್ಣಿನ ಸಂಗ, ಶವಯಾತ್ರೆ ಎರಡರಿಂದಲೂ ದೂರವಿರಬೇಕು. ನಮ್ಮ ಮಡಿ-ಸೂತಕ ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಮಾಲು ದಕ್ಷಿಣ ಅರೇಬಿಯಾದ ಶಬ್ವಾ ಪಟ್ಟಣಕ್ಕೆ ಬರಬೇಕು, ಅದಕ್ಕೆಂದೇ ತೆರೆದ ಒಂದೇ ಬಾಗಿಲಿನಿಂದ. ದಾರಿ ತಪ್ಪಿಸಿದವನಿಗೆ ಮರಣದಂಡನೆ. ಒಳಗೆ ಪೂಜಾರಿಗಳು ಸಾಬಿಸ್ ದೇವರ ಹೆಸರಿನಲ್ಲಿ ಹತ್ತನೆಯ ಒಂದು ಪಾಲು ತೆಗೆದುಕೊಳ್ಳುತ್ತಾರೆ, ತೂಗಿ ಅಲ್ಲ, ಅಳೆದು, ಕಣದಲ್ಲಿ ಕೊಳಗದಿಂದ ರಾಶಿ ಅಳೆಯುವ ಹಾಗೆ. ಆ ಪಾಲು ಸಂದಾಯವಾಗುವ ತನಕ ಒಂದು ಹರಳೂ ಮಾರಾಟಕ್ಕಿಲ್ಲ. ಪೂಜೆ ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಶುರುವಾಯಿತು? ನಿಮ್ಮ ಲೇಖನ ಈ ಬಾಗಿಲಿನಿಂದಲೇ ಆರಂಭವಾಗಲಿ. ಈಗಿರುವ ಮೊದಲ ಒಂದೂವರೆ ಪುಟ, ‘ಮಾನವ ಅನಾದಿ ಕಾಲದಿಂದಲೂ ಪರಿಮಳಪ್ರಿಯ’ ಎಂಬಲ್ಲಿಂದ ಶುರುವಾಗುವುದು, ಪೂರ್ತಿ ತೆಗೆಯಿರಿ.

ಲೆಕ್ಕಗಳು. ‘ಒಂದು ಒಂಟೆಗೆ 688 ದಿನಾರಿ (ರೋಮಿನ ಬೆಳ್ಳಿ ನಾಣ್ಯ) ತೆರಿಗೆ’ ಎಂದಿದ್ದೀರಿ. ಅದು ತೆರಿಗೆಯಷ್ಟೇ ಅಲ್ಲ. ನೀರು, ಮೇವು, ತಂಗುದಾಣ, ಸುಂಕ, ಕಾಣಿಕೆ ಎಲ್ಲ ಸೇರಿ ಮೆಡಿಟರೇನಿಯನ್ ದಂಡೆ ಮುಟ್ಟುವವರೆಗಿನ ಒಟ್ಟು ಖರ್ಚು. 65 ಎಂಬುದು ದಕ್ಷಿಣ ಅರೇಬಿಯಾದ ಇನ್ನೊಂದು ಪಟ್ಟಣ ಟಿಮ್ನಾದಿಂದ ಗಾಜಾವರೆಗಿನ ತಂಗುದಾಣಗಳ ಎಣಿಕೆ, ನೀವು ಬರೆದಂತೆ ಶಬ್ವಾದಿಂದ ಅಲ್ಲ. ದಿನಾರಿಯನ್ನು ಇಂದಿನ ರೂಪಾಯಿಗೆ ತಿರುಗಿಸಿದ್ದೀರಲ್ಲ, ಅದನ್ನೂ ಹೊಡೆದುಹಾಕಿ. ಅಂಥ ಲೆಕ್ಕ ಅಚ್ಚಿನ ಶಾಯಿ ಆರುವ ಮೊದಲೇ ಸುಳ್ಳಾಗುತ್ತದೆ. ಬದಲಿಗೆ ಹೀಗೆ ಮಾಡಿ. ಒಂದು ದಿನಾರಿ ಸುಮಾರಾಗಿ ಕೂಲಿಯವನ ಒಂದು ದಿನದ ಸಂಬಳ. ಪ್ಲಿನಿ ಕೊಡುವ ಬೆಲೆ: ಮೊದಲ ದರ್ಜೆಗೆ ಪೌಂಡಿಗೆ 6 ದಿನಾರಿ, ಎರಡನೆಯದಕ್ಕೆ 5, ಮೂರನೆಯದಕ್ಕೆ 3. ರೋಮನ್ ಪೌಂಡ್ ಎಂದರೆ ಸುಮಾರು 327 ಗ್ರಾಂ. ಒಂಟೆಯ ಹೊರೆಯನ್ನು 160 ಕಿಲೋ ಎಂದು ಅಂದಾಜಿಸಿಕೊಂಡರೆ ಸುಮಾರು 490 ಪೌಂಡ್. ಸಾಗಣೆ ಖರ್ಚು ಪೌಂಡಿಗೆ 1.4 ದಿನಾರಿ ಬಿತ್ತು. ಮೊದಲ ದರ್ಜೆಯ ಬೆಲೆಯಲ್ಲಿ ಅದು ಕಾಲು ಭಾಗಕ್ಕೂ ಕಡಿಮೆ, ಮೂರನೆಯ ದರ್ಜೆಯಲ್ಲಿ ಹತ್ತಿರ ಹತ್ತಿರ ಅರ್ಧ. ಅಂದರೆ ಕಳಪೆ ಮಾಲನ್ನು ಅಷ್ಟು ದೂರ ಹೊರಿಸಿದವನ ಕೈಗೆ ಹೆಚ್ಚೇನೂ ಗಿಟ್ಟದು. ಹೊರೆಯ ತೂಕ ನಿಮ್ಮ ಅಂದಾಜು ಎಂದು ಮಾತ್ರ ಸ್ಪಷ್ಟವಾಗಿ ಹೇಳಿ.

ಈಜಿಪ್ಟಿನ ರಾಣಿ ಹತ್ಶೆಪ್ಸುತ್ ಕೆಂಪು ಸಮುದ್ರದ ದಕ್ಷಿಣ ಭಾಗದಲ್ಲಿತ್ತೆನ್ನಲಾದ ಪುಂಟ್ ದೇಶಕ್ಕೆ ‘ಒಂಟೆಗಳ ಸಾಲು’ ಕಳಿಸಿದಳು ಎಂಬುದು ತಪ್ಪು. ಆಕೆ ಕಳಿಸಿದ್ದು ಹಡಗು, ಕ್ರಿ.ಪೂ. 15ನೆಯ ಶತಮಾನದಲ್ಲಿ, ಒಂಟೆ ಸಾಲುಗಳು ಇನ್ನೂ ಕೆಲವು ಶತಮಾನ ದೂರ. ಡೈರ್ ಎಲ್ ಬಹ್ರಿಯಲ್ಲಿರುವ ಆಕೆಯ ದೇವಾಲಯದ ಗೋಡೆಯಲ್ಲಿ ಬೇರುಸಮೇತ ಬುಟ್ಟಿಯಲ್ಲಿಟ್ಟ ಮರಗಳನ್ನು ಹಡಗಿಗೆ ಹೊರುವ ಚಿತ್ರವೇ ಇದೆ, 31 ಮರಗಳೆಂದು ಬರಹ ಹೇಳುತ್ತದೆ. ರೋಮಿನ ಚಕ್ರವರ್ತಿ ನೀರೋ ‘ಹತ್ತು ವರ್ಷದ ಬೆಳೆ’ ಸುಟ್ಟ ಎಂದಿದ್ದೀರಿ. ಪ್ಲಿನಿಯ ಮಾತು, ನೀರೋನ ಹೆಂಡತಿ ಪೊಪ್ಪೇಯಾಳ ಅಂತ್ಯಕ್ರಿಯೆಗೆ ಸುಟ್ಟಷ್ಟು ಅರೇಬಿಯಾದಲ್ಲಿ ಒಂದು ವರ್ಷಕ್ಕೂ ಬೆಳೆಯುವುದಿಲ್ಲ ಎಂದು. ಅದೇ ಸಾಕಷ್ಟು ದೊಡ್ಡದು, ಹಿಗ್ಗಿಸಬೇಡಿ. ಮರ ಕಾಯುವ ರೆಕ್ಕೆಹಾವುಗಳ ಪ್ರಸಂಗ ಇರಲಿ, ಆದರೆ ‘ಹೆರೊಡೋಟಸ್ ಹೇಳುವಂತೆ’ ಎಂದು ಸೇರಿಸಿ.

ಪೂಜೆಯ ಬಗ್ಗೆ ನೀವು ಬರೆದದ್ದರಲ್ಲಿ ‘ದೇವರನ್ನು ಒಲಿಸಲು’ ಎಂಬುದರ ಆಚೆ ಏನೂ ಇಲ್ಲ. ಹೊಗೆ ಹೇಗೆ ಎಬ್ಬಿಸುತ್ತಿದ್ದರು ಎಂಬುದನ್ನು ಕೇಳಿಕೊಳ್ಳಿ. ಒಂದು ಹರಳನ್ನು ಧಗಧಗಿಸುವ ಕೆಂಡಕ್ಕೆ ನೇರವಾಗಿ ಹಾಕಿದರೆ ಕುದಿದು, ಕರಿಕಟ್ಟಿ, ಕಣ್ಣು ಉರಿಸುವ ಹೊಗೆ ಬರುತ್ತದೆ. ಕೆಂಡದ ಮೇಲೆ ಬೂದಿ ಕವಿದ ನಂತರ ಹಾಕಿದರೆ ಮೊದಲು ನಿಂಬೆಸಿಪ್ಪೆಯ ಘಮ, ಆಮೇಲೆ ನಿಧಾನವಾಗಿ ಅಂಟಿನ ಗಾಢ ವಾಸನೆ. ಶಾಖದ ಹದವೇ ಇಲ್ಲಿ ಎಲ್ಲ. ನೀವು ಹೆಸರಷ್ಟೇ ಹೇಳಿ ಬಿಟ್ಟ ಇಸ್ರೇಲಿನ ತೆಲ್ ಅರಾದ್ ಗುಡಿಯ ಎರಡು ಧೂಪಪೀಠಗಳನ್ನು ಇಲ್ಲಿಗೆ ತನ್ನಿ. ಕ್ರಿ.ಪೂ. 8ನೆಯ ಶತಮಾನದ ಆ ಪೀಠಗಳ ಮೇಲಿನ ಕರಿಯನ್ನು ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು: ದೊಡ್ಡದರಲ್ಲಿ ಪ್ರಾಣಿಯ ಕೊಬ್ಬು ಬೆರೆಸಿದ ಫ್ರಾಂಕಿನ್ಸೆನ್ಸ್, ಚಿಕ್ಕದರಲ್ಲಿ ಸಗಣಿ ಬೆರೆಸಿದ ಗಾಂಜಾ. ಕೊಬ್ಬು ಕಾವು ಹೆಚ್ಚಿಸುತ್ತದೆ, ಸಗಣಿ ಕಡಿಮೆ ಕಾವಿನಲ್ಲಿ ಹೊಗೆಯಾಡುತ್ತದೆ. ಎರಡು ದ್ರವ್ಯಕ್ಕೆ ಎರಡು ಬೆಂಕಿ ಬೇಕೆಂದು ಆ ಪೂಜಾರಿಗಳಿಗೆ ಗೊತ್ತಿತ್ತು.

ಕೊನೆಯ ಭಾಗದಲ್ಲಿ, ಇಸ್ಲಾಂ ಬಂದದ್ದರಿಂದ ಧೂಪದ ವ್ಯಾಪಾರ ಕುಸಿಯಿತು ಎಂಬ ವಾದ ಕಾಲಗಣನೆಗೇ ಒಗ್ಗದು. ಇಸ್ಲಾಂ ಹುಟ್ಟುವ ಎಷ್ಟೋ ಮೊದಲೇ, ಕ್ರಿ.ಶ. 392ರಲ್ಲಿ, ರೋಮಿನ ಥಿಯೊಡೋಸಿಯಸ್ ಚಕ್ರವರ್ತಿ ಮನೆದೇವರಿಗೆ ಧೂಪ ಹಾಕುವುದನ್ನೂ ಕಾನೂನಿನಿಂದ ನಿಷೇಧಿಸಿದ್ದ. ಅದಕ್ಕೂ ಹಿಂದಿನ ಕಥೆ ಇನ್ನೂ ಮುಖ್ಯ. ಸುಮಾರು ಕ್ರಿ.ಶ. 112ರಲ್ಲಿ ಬಿಥೀನಿಯಾದ (ಇಂದಿನ ಟರ್ಕಿಯ ಭಾಗ) ರೋಮನ್ ಅಧಿಕಾರಿ ಕಿರಿಯ ಪ್ಲಿನಿ, ಕ್ರೈಸ್ತರೆಂಬ ಆರೋಪ ಹೊತ್ತವರಿಂದ ಚಕ್ರವರ್ತಿಯ ಪ್ರತಿಮೆಗೆ ದ್ರಾಕ್ಷಾರಸ, ಧೂಪದ ಅರ್ಪಣೆ ಮಾಡಿಸಿ ಪರೀಕ್ಷಿಸುತ್ತಿದ್ದ. 250ರ ಸುಮಾರಿನಲ್ಲಿ ಡೀಸಿಯಸ್ ಚಕ್ರವರ್ತಿ ಕ್ರೈಸ್ತರಿಗೆ ಕೊಟ್ಟ ಹಿಂಸೆಯಲ್ಲಿ ಬಲಿ ಕೊಡದೆ ಧೂಪವನ್ನಷ್ಟೇ ಹಾಕಿ ಪಾರಾದವರಿಗೆ ಚರ್ಚು ‘ಥ್ಯೂರಿಫಿಕಾತಿ’ ಎಂದು ಬೇರೆಯೇ ಹೆಸರಿಟ್ಟಿತು. ಒಂದು ಚಿಟಿಕೆ ಹರಳು ಕೆಂಡಕ್ಕೆ ಬಿದ್ದರೆ ಜೀವ ಉಳಿಯುತ್ತಿತ್ತು, ಸಮುದಾಯ ಕೈಬಿಡುತ್ತಿತ್ತು. ಇದಕ್ಕೆ ಒಂದು ಪುಟ ಕೊಡಿ.

ಮರುಬರಹ 1,800 ಪದ ಮೀರದಿರಲಿ. ಅಂಕಿ ಇರುವ ಪ್ರತಿ ವಾಕ್ಯದ ಎದುರು, ಅಂಚಿನಲ್ಲಿ, ಅದನ್ನು ಯಾರು ಹೇಳಿದ್ದು ಎಂದು ಪೆನ್ಸಿಲಿನಲ್ಲಿ ಬರೆದು ಕಳಿಸಿ. ಅಚ್ಚಿಗೆ ಅಲ್ಲ, ನಾವು ತಾಳೆ ನೋಡಲು.

ಇಂತಿ,
ಸಂಪಾದಕರು